ಮೊದಲನೇ ಪಂಜರ

ಹೋದ ತಿಂಗಳು ಒಂದು ಬೆಳಗ್ಗೆ ನನ್ನ ಹೆಂಡತಿ ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಎದೆಗೆ ಎಸೆದಳು.

ಎಸೆದದ್ದು ಎಡಗೈಯಲ್ಲಿ. ಬಲಗೈ ಆಗ ಬಾಯಿಯವರೆಗೆ ಏಳುತ್ತಿರಲಿಲ್ಲ. ಸ್ಟ್ರೋಕ್ ಆಗಿ ಎರಡು ತಿಂಗಳಾಗಿತ್ತು. (ನಡುವೆ ನಾಲ್ಕು ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ.)

ಶಾರದಾ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದವಳು. ದನಿ ಏರಿಸದೆಯೇ ಇಡೀ ಕ್ಲಾಸನ್ನು ಸುಮ್ಮನಾಗಿಸುತ್ತಿದ್ದವಳು. ಸ್ಟ್ರೋಕ್ ಆದ ಮೇಲೆ ಬೇರೆ ಯಾರೋ ಮನೆಗೆ ಬಂದ ಹಾಗಾಯಿತು. ಗೋಡೆ ಕಡೆ ಮುಖ ಮಾಡಿ ಮಲಗುವುದು, ಸಣ್ಣದಕ್ಕೂ ಸಿಡುಕುವುದು, ಕಾರಣವಿಲ್ಲದೆ ಅಳುವುದು. ನಾನೇನು ಕಮ್ಮಿ ಮಾಡಿದ್ದೆ? ತುತ್ತು ತಿನ್ನಿಸುತ್ತಿದ್ದೆ, ತಲೆ ಬಾಚುತ್ತಿದ್ದೆ, ಸೆರಗಿನ ಪಿನ್ ಕೂಡ ನಾನೇ ಹಾಕುತ್ತಿದ್ದೆ. ಅವತ್ತು ಚಮಚವನ್ನು ಅವಳ ಬಾಯಿಯ ಹತ್ತಿರ ಒಯ್ದದ್ದೇ ತಪ್ಪಾಯಿತು.

ಸಂಜೆ ಎಂದಿನಂತೆ ಬಸವನಗುಡಿಯ ಫಿಸಿಯೋಥೆರಪಿ ಕ್ಲಿನಿಕ್. ಅವಳು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಪಕ್ಕದಲ್ಲಿ ಮಂಡಿನೋವಿಗೆ ಬರುವ ನರಸಿಂಹಯ್ಯ. ತ್ಯಾಗರಾಜನಗರದವರು, ಎಪ್ಪತ್ತು ದಾಟಿದೆ. ಒಂದು ಸಂಶೋಧನಾ ಸಂಸ್ಥೆಯಲ್ಲಿ, ಪ್ರಯೋಗದ ಪ್ರಾಣಿಗಳನ್ನು ಸಾಕುವ ವಿಭಾಗದಲ್ಲಿ ಇಡೀ ಸರ್ವೀಸ್ ಮುಗಿಸಿದವರು. ಇಲಿಗಳಿಗೆ ಮೇವು ಹಾಕುವುದು, ಪಂಜರ ತೊಳೆಯುವುದು ಅವರ ಕೆಲಸವಾಗಿತ್ತು.

ತಡೆಯಲಾರದೆ ಅವರ ಹತ್ತಿರ ತಟ್ಟೆಯ ಕತೆ ಹೇಳಿಕೊಂಡೆ. ಅವರು ನಗಲಿಲ್ಲ. ಅಯ್ಯೋ ಪಾಪ ಅನ್ನಲೂ ಇಲ್ಲ.

“ನಮ್ಮ ಇಲಿಗಳೂ ಹಂಗೇ ಸಾರ್. ಮುಂಚೆ ಅಂಗೈ ಮೇಲೆ ಕೂತ್ಕೊಳ್ತಿದ್ದವು, ಮೆದುಳಿಗೆ ಏಟಾದ್ಮೇಲೆ ಬೆರಳು ಕಚ್ಚೋವು. ಅದು ಇಲಿ ಕಚ್ಚಿದ್ದಲ್ಲ, ಗಾಯ ಕಚ್ಚಿದ್ದು.”

ಎರಡು ತಿಂಗಳಿಂದ ಮನಸ್ಸಿನಲ್ಲಿ ಗಂಟು ಕಟ್ಟಿದ್ದ ಬೇಜಾರು ಅಲ್ಲೇ ಸ್ವಲ್ಪ ಸಡಿಲವಾಯಿತು. ಇನ್ನೂ ಹೇಳಿ ಅಂದೆ.

ಪಂಜರದ ಗೋಡೆಯಲ್ಲಿ ಕಿರುಬೆರಳಿನ ಅಗಲದ ಒಂದು ಸೀಳು. ಅದರಾಚೆ ಗುಳಿಗೆಯಷ್ಟು ಮೇವು. ಇಲಿ ಕೈ ತೂರಿಸಿ ಅದನ್ನು ಹಿಡಿದು ತಿನ್ನಬೇಕು. (ಮುಂಗಾಲನ್ನು ನರಸಿಂಹಯ್ಯ ‘ಕೈ’ ಎಂದೇ ಕರೆದರು. ನಾನೂ ಹಾಗೇ ಬರೆಯುತ್ತೇನೆ.) ಚೆನ್ನಾಗಿ ಕಲಿತ ಇಲಿಗೆ ಮತ್ತು ಬರಿಸಿ, ಆ ಕೈಯನ್ನು ಆಡಿಸುವ ಮೆದುಳಿನ ಭಾಗಕ್ಕೆ ಸಣ್ಣ ಗಾಯ ಮಾಡುತ್ತಿದ್ದರು. ಎಚ್ಚರವಾದ ಮೇಲೆ ಇಲಿ ಕೈ ಚಾಚುತ್ತದೆ, ಮೇವು ಸಿಗುವುದಿಲ್ಲ.

ಆಮೇಲೆ? ಕೆಲವು ಇಲಿಗಳನ್ನು ಬರಿದಾದ ಪಂಜರದಲ್ಲಿ ಒಂಟಿಯಾಗಿ ಇಡುತ್ತಿದ್ದರು. ಮೂಗಿನ ಕೆಳಗೇ ಮೇವು, ನೀರು. ಕಷ್ಟವೇ ಇಲ್ಲ. ಇನ್ನು ಕೆಲವಕ್ಕೆ ದೊಡ್ಡ ಪಂಜರ, ಜೊತೆಗಾರರು, ಹತ್ತಲು ಏಣಿ, ನುಸುಳಲು ಕೊಳವೆ. ಮೇಲಾಗಿ ದಿನವೂ ಸೀಳಿನ ಮುಂದೆ ಅಭ್ಯಾಸ. ಆರಾಮಾಗಿದ್ದ ಇಲಿಗಳು ಬಿದ್ದುಹೋದ ಕೈಯನ್ನು ಮರೆತೇಬಿಡುತ್ತಿದ್ದವಂತೆ. ಕಷ್ಟಪಟ್ಟವು ಬಿಡುತ್ತಿರಲಿಲ್ಲ.

ಅದರಲ್ಲಿ ಒಂದು ಹೆಣ್ಣಿಲಿಯನ್ನು ಅವರು ಇವತ್ತಿಗೂ ಮರೆತಿಲ್ಲ. ದಿನಕ್ಕೆ ಹತ್ತಾರು ಸಲ ಕೈ ಚಾಚುವುದು, ಬೀಳಿಸುವುದು, ಮತ್ತೆ ಚಾಚುವುದು. ಹೀಗೇ ವಾರಗಳು ಕಳೆದವು. ಒಂದು ಮಧ್ಯಾಹ್ನ ಅದು ಇಡೀ ಮೈಯನ್ನು ಓರೆ ಮಾಡಿ, ಭುಜ ತಿರುಗಿಸಿ, ಮೇವನ್ನು ಬಾಚಿ ಎಳೆದುಕೊಂಡಿತು. ಮೊದಲಿನ ರೀತಿಯೇ ಅಲ್ಲ. ತನ್ನದೇ ಹೊಸ ರೀತಿ. ಯಾರು ಹೇಳಿಕೊಟ್ಟರು ಅದಕ್ಕೆ?

ಊಟ ಬಿಟ್ಟು ನೋಡುತ್ತಾ ನಿಂತುಬಿಟ್ಟೆ ಅಂದರು ನರಸಿಂಹಯ್ಯ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ತಪ್ಪು ತಿಳ್ಕೋಬೇಡಿ ಸಾರ್. ನೀವು ಮೇಡಂನ ಮೊದಲನೇ ಪಂಜರದಲ್ಲಿ ಇಟ್ಟಿದೀರ.”

ಫಿಸಿಯೋಥೆರಪಿಯ ಹುಡುಗಿ ಕೂಡ ಆ ಕೈಗೆ ದಿನಾ ಸ್ವಲ್ಪ ಸ್ವಲ್ಪ ಕೆಲಸ ಕೊಡಿ ಎಂದು ವಾರಗಳಿಂದ ಹೇಳುತ್ತಲೇ ಇದ್ದಳು. (ನಾನು ತಲೆಯಾಡಿಸಿ, ಮನೆಗೆ ಬಂದು ತುತ್ತು ತಿನ್ನಿಸುತ್ತಿದ್ದೆ.)

ಮಾರನೆಯ ದಿನ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಅವಳ ಬಲಗೈಗೆ ಹಿಡಿಸಿ ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತಾ? ತಲೆಯನ್ನೇ ಚಮಚದ ಹತ್ತಿರ ಬಗ್ಗಿಸಿ ತಿಂದ ಅರ್ಧ ಇಡ್ಲಿಗೆ ಮುಕ್ಕಾಲು ಗಂಟೆ. ಅವಳ ಕಣ್ಣಲ್ಲಿ ನೀರು. ನನ್ನ ಕೈ ಎರಡು ಸಲ ತಾನಾಗೇ ಮುಂದೆ ಹೋಯಿತು. ಎಳೆದುಕೊಂಡೆ. ಶನಿವಾರ ಅವಳ ಜೊತೆಗಿದ್ದ ಟೀಚರುಗಳನ್ನು ಚೌಕಾಬಾರ ಆಡಲು ಕರೆದೆ. ಕವಡೆ ಬಲಗೈಯಲ್ಲೇ ಹಾಕಬೇಕು ಅಂತ ಅವರೇ ರೂಲ್ ಮಾಡಿದರು. ನಾನು ಇಲಿಯ ಕತೆ ಹೇಳಿದಾಗ ಶಾರದಾ ನನ್ನನ್ನೇ ದಿಟ್ಟಿಸಿದಳು.

“ಅಂದ್ರೆ ನಾನು ಇಲೀನಾ?” ಅಂದವಳು ನಕ್ಕುಬಿಟ್ಟಳು. ಸ್ಟ್ರೋಕ್ ಆದ ಮೇಲೆ ಮೊದಲ ನಗು.

ಹೋದ ಗುರುವಾರ ಅವಳು ಕುರ್ಚಿಯಲ್ಲಿ ಓರೆಯಾಗಿ ಕೂತು, ಮೊಣಕೈ ಹೊರಗೆ ಚಾಚಿ, ಭುಜವನ್ನೇ ತಿರುಗಿಸಿ ಚಮಚವನ್ನು ಬಾಯಿಗೆ ತಂದಳು. ಅರ್ಧ ಸಾರನ್ನ ಮಡಿಲಿಗೆ ಬಿತ್ತು. ಉಳಿದರ್ಧ ಬಾಯಿಗೆ ಹೋಯಿತು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಓಡಿಹೋಗಿ ನರಸಿಂಹಯ್ಯನವರಿಗೆ ಹೇಳಿದೆ. ಅವರ ಮುಖ ಅರಳಿತು. ಖುಷಿಯಲ್ಲಿ, ಆಮೇಲೆ ಆ ಇಲಿ ಏನಾಯಿತು ಎಂದೆ. ಅವರು ಮಂಡಿ ನೀವಿಕೊಳ್ಳುತ್ತಾ ಹೇಳಿದರು. ಒಳಗೆ ಏನು ನಡೆದಿದೆ ಎಂದು ತಿಳಿಯಬೇಕಾದರೆ ಮೆದುಳನ್ನು ಹೊರಗೆ ತೆಗೆಯಲೇಬೇಕಿತ್ತಂತೆ. ಅಷ್ಟು ದಿನ ಮೇವು ಹಾಕಿದವರಲ್ಲವಾ ಎಂದು ಲ್ಯಾಬಿನ ಸಾಹೇಬರು ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರಂತೆ. ಗಾಯದ ಸುತ್ತ ಉಳಿದಿದ್ದ ನರಕೋಶಗಳು ಹೊಸ ಹೊಸ ಕವಲು ಒಡೆದಿದ್ದವು.

“ಸತ್ತವರ ಕೆಲಸಾನ ಪಕ್ಕದ ಮನೆಯವರು ವಹಿಸ್ಕೊಂಡಂಗಿತ್ತು. ನಾನು ಕೈ ಮುಗಿದೆ ಸಾರ್.”

ಬಾದಾಮಿಯಷ್ಟು ಮೆದುಳು. ಅದರೊಳಗೆ ಇಷ್ಟು ಹಠ! ಅಂಥದ್ದೇ ಏನೋ ಈಗ ಶಾರದಾಳ ತಲೆಯಲ್ಲೂ ಸದ್ದಿಲ್ಲದೆ ನಡೆಯುತ್ತಿದೆ. ನೆತ್ತಿಯ ಮೇಲೆ ಕೈಯಿಟ್ಟರೆ ಬೆಚ್ಚಗಿನ ಕೂದಲು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಅವಳು ತನ್ನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು.

“ಕಲಿತ ಮೇಲೆ ಆ ಇಲಿ ಎಷ್ಟು ದಿನ ತನ್ನ ಕೈಲಿ ತಿಂತಂತೆ?”

ಕೇಳಲಿಲ್ಲ ಅಂದೆ.

“ಕೇಳ್ಕೊಂಡು ಬನ್ನಿ.”

ಆಮೇಲೆ ಎರಡು ಸಲ ಅದೇ ಬೆಂಚಿನಲ್ಲಿ ನರಸಿಂಹಯ್ಯನವರ ಪಕ್ಕ ಕೂತು ಬಂದಿದ್ದೇನೆ. ಯಾವ ಮುಖ ಇಟ್ಟುಕೊಂಡು ಕೇಳಲಿ?