ಬೀಗರಾಗಲಿದ್ದವರ ಒಂದು ಸಾಲು ಇಂಗ್ಲಿಷ್

ಇಂಗ್ಲಿಷ್ ವಾಕ್ಯವನ್ನು ನಾನು ಪೂರ್ತಿ ಓದುವುದೇ ಇಲ್ಲ. ಅರ್ಧ ಓದಿ, ಉಳಿದರ್ಧವನ್ನು ನನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತೇನೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬೋರ್ಡಿನ ಮೊದಲ ಅಂಕಿ ಕಂಡ ಕೂಡಲೇ ಬಸ್ಸು ಹತ್ತಿ, ಆಮೇಲೆ "ಎಲ್ಲಿಗ್ ಹೋಗತ್ತೆ?" ಎಂದು ಕಂಡಕ್ಟರನ್ನು ಕೇಳುವ ಹೆಂಗಸು ನಾನು.

ಹೋದ ಭಾನುವಾರ ನನ್ನ ಮಗಳು ಶ್ರುತಿಯನ್ನು ನೋಡಲು ಮಾರತ್ತಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಕೇಸರಿಬಾತು ತಿಂದರು, ನಕ್ಕರು, ಹೋದರು. ನಾಲ್ಕು ದಿನ ಬಿಟ್ಟು ಹುಡುಗನ ತಂದೆಯಿಂದ ವಾಟ್ಸಾಪಿನಲ್ಲಿ ಒಂದೇ ಸಾಲು: "ವಿ ಲೈಕ್ಡ್ ಯುವರ್ ಡಾಟರ್ ಮೋರ್ ದ್ಯಾನ್ ಅವರ್ ಸನ್."

ನಾನು ಕುಣಿದಾಡಿದೆ. ಹೆತ್ತ ಮಗನಿಗಿಂತ ನಮ್ಮ ಹುಡುಗಿಯೇ ಹೆಚ್ಚಂತೆ! ಎಂಥ ಅತ್ತೆ ಮಾವ! ನಮ್ಮನೆಯವರು ಕನ್ನಡಕ ಏರಿಸಿ ಓದಿದರು. "ಲೇ, ಕುಣೀಬೇಡ. ಅವ್ರಿಗೆ ಹಿಡಿಸಿದಷ್ಟು ಹುಡುಗನಿಗೆ ಹಿಡಿಸಿಲ್ಲ ಅಂತ ಕಣೇ."

"ನಿಮ್ಗೆ ಎಲ್ಲದ್ರಲ್ಲೂ ಅಪಶಕುನಾನೇ ಕಾಣತ್ತೆ!"

ಈ ಇಂಗ್ಲಿಷೇ ಹೀಗೆ. ನಮ್ಮ ಕನ್ನಡದಲ್ಲಾದರೆ ಪ್ರತ್ಯಯಗಳು ಮೂಲೆಮೂಲೆಗೆ ಪೊಲೀಸರ ಹಾಗೆ ನಿಂತಿರುತ್ತವೆ, ಅರ್ಥ ಅಡ್ಡದಾರಿ ಹಿಡಿಯುವಂತಿಲ್ಲ ಎಂದು ಭಾಷಣ ಬಿಗಿದೆ. "ಎಲ್ಲಿ, ಕನ್ನಡದಲ್ಲಿ ಹೇಳು ನೋಡೋಣ" ಎಂದರು. "ನಮ್ಮ ಮಗನಿಗಿಂತ ನಿಮ್ಮ ಮಗಳು ನಮಗೆ ಹೆಚ್ಚು ಇಷ್ಟವಾದಳು" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಗೊಂದಲ: ಮಗನಿಗಿಂತ ಮಗಳು ಹೆಚ್ಚೋ, ಮಗನಿಗಿಂತ ನಮಗೆ ಹೆಚ್ಚೋ? ಪೊಲೀಸರೆಲ್ಲ ಕಾಫಿಗೆ ಹೋಗಿದ್ದರು.

ಹಾಗಾದರೆ ಅರ್ಥ ಬಂದದ್ದು ಎಲ್ಲಿಂದ? ವಾಕ್ಯ ಒಂದೇ. ಅದಕ್ಕೆ ನನ್ನ ಆಸೆಯನ್ನು ನಾನು ತುಂಬಿದ್ದೆ, ತಮ್ಮ ಹೆದರಿಕೆಯನ್ನು ನಮ್ಮನೆಯವರು.

ಭಾನುವಾರದಿಂದ ಶ್ರುತಿ ಊಟಕ್ಕೆ ಕೂತರೆ ತಟ್ಟೆಯಲ್ಲಿ ಅರ್ಧ ಬಿಟ್ಟೇ ಏಳುತ್ತಿದ್ದಳು. ಮದುವೆಯ ಖುಷಿಯಲ್ಲಿ ಹಸಿವು ಎಲ್ಲಿಂದ ಬರಬೇಕು ಎಂದು ಅದನ್ನೂ ನಾನೇ ಓದಿಕೊಂಡಿದ್ದೆ. ಈಗ ನಮ್ಮ ಜಗಳ ಕೇಳುತ್ತಾ ದೋಸೆ ಮುರಿಯುತ್ತಿದ್ದವಳು ತಲೆ ಎತ್ತಿದಳು.

"ಅಪ್ಪ ಹೇಳಿದ್ದೇ ನಿಜ ಆಗಿದ್ರೆ ಚೆನ್ನಾಗಿರತ್ತಮ್ಮ."

"ಯಾಕೇ? ನಿಂಗೆ ಹುಡುಗ ಇಷ್ಟ ಆಗ್ಲಿಲ್ವಾ?"

"ಇಲ್ಲ. ಸದ್ಯ, ಇವತ್ತಾದ್ರೂ ಕೇಳಿದ್ಯಲ್ಲ! ಇನ್ನೊಂದ್ ದೋಸೆ ಹಾಕು."

ಹಾಕಿದೆ. ಅದನ್ನೂ ತಿಂದಳು, ಇನ್ನೊಂದನ್ನೂ ತಿಂದಳು. ಅದರ ಅರ್ಥದ ಬಗ್ಗೆ ಮಾತ್ರ ನಮಗೆ ಗಂಡಹೆಂಡಿರಿಬ್ಬರಿಗೂ ಭಿನ್ನಾಭಿಪ್ರಾಯ ಬರಲಿಲ್ಲ.

ಇಂಗ್ಲಿಷಿನ ಸಹವಾಸವೇ ಬೇಡವೆಂದು ಹುಡುಗನ ತಾಯಿಗೆ ಫೋನ್ ಮಾಡಿ, "ಬೇಡ ರೀ, ನಮ್ಮ್ ಹುಡುಗಿಗೆ ಮನಸ್ಸಿಲ್ಲ" ಎಂದೆ. ಇದನ್ನು ಎರಡು ಥರ ಓದಲಿ ನೋಡೋಣ! ಆ ಕಡೆಯಿಂದ ಉದ್ದನೆಯ ಉಸಿರೊಂದು ಕೇಳಿಸಿತು. ಬೇಸರವೋ, ಮಗನ ಪರವಾಗಿ ನೆಮ್ಮದಿಯೋ?

ನೆಮ್ಮದಿ ಎಂದೇ ಓದಿಕೊಂಡು ಫೋನ್ ಇಟ್ಟೆ.