ಕನ್ನಡಿ ಹೊತ್ತ ಕಂಬ

ನನ್ನ ದೊಡ್ಡಮ್ಮ ಮೂವತ್ತೆರಡು ವರ್ಷ ಕೋಟು, ಪ್ಯಾಂಟು ಹೊಲಿದವಳು. ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳಾದ್ದರಿಂದ ಬೀದಿಗೆಲ್ಲ ಅವಳು ಗುಂಡುಸೂಜಿಯಮ್ಮ. ಗಿರಾಕಿಗಳ ಎರಡು ಭುಜವನ್ನೂ ಬೇರೆಬೇರೆಯಾಗಿ ಅಳೆಯುವುದು ಅವಳ ಪದ್ಧತಿ. ಯಾರಾದರೂ ಯಾಕೆಂದು ಕೇಳಿದರೆ, “ನೆಟ್ಟಗೆ ನಿಂತಿದ್ದೀನಿ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಟೇಪು ಹಾಗೆ ಹೇಳಲ್ಲ,” ಎನ್ನುತ್ತಿದ್ದಳು.

ಅವಳ ಅಂಗಡಿ ಹಳೆಯ ಕಟ್ಟಡವೊಂದರ ಕೆಳಗಿತ್ತು. ಎತ್ತರದ ಚಾವಣಿ, ನಡುವೆ ತೊಡೆಗಿಂತ ತೆಳ್ಳಗಿನ ಒಂದೇ ಕಬ್ಬಿಣದ ಕಂಬ. ಮಹಡಿಯ ತೊಲೆ ಆ ಕಂಬದ ತಲೆಯ ಮೇಲೆ ಕೂತಿತ್ತು; ಮಹಡಿ ತುಂಬ ಕಾಗದದ ವ್ಯಾಪಾರಿಯೊಬ್ಬರ ದಾಸ್ತಾನು. ಕಂಬದ ಕೆಳಗಿನ ಅರ್ಧಕ್ಕೆ ಆಳೆತ್ತರದ ಕನ್ನಡಿ ಬಿಗಿದಿತ್ತು. ಕೋಟು ತೊಟ್ಟು ನೋಡುವವರೆಲ್ಲ ಅದರ ಮುಂದೆಯೇ ನಿಲ್ಲಬೇಕು.

ಒಂದು ದಿನ ಬೀದಿಯ ಕೊನೆಯ ಮನೆಯ ಮೇಷ್ಟ್ರು ಕೋಟು ತೊಟ್ಟು ನಿಂತವರು, “ಏನಮ್ಮ, ನನ್ನ ನೆತ್ತಿ ಎಲ್ಲಿ ಹೋಯ್ತು?” ಎಂದರು. ನಿಜಕ್ಕೂ ಕನ್ನಡಿಯಲ್ಲಿ ಅವರ ಹಣೆಯಿಂದ ಮೇಲಕ್ಕೆ ಏನೂ ಇರಲಿಲ್ಲ. “ಇದ್ದ ನಾಲ್ಕು ಕೂದಲನ್ನೂ ಕತ್ತರಿಸಿಬಿಟ್ಯಾ?” ಎಂದು ನಗುತ್ತಲೇ ಹೋದರು. ವಾರದೊಳಗೆ ತೀರಿಕೊಂಡರು. ಎಪ್ಪತ್ತೊಂಬತ್ತು ವಯಸ್ಸಾಗಿತ್ತು, ಹೃದಯದ ಕಾಯಿಲೆ ಹಳೆಯದು. ಆದರೆ ಜನರ ಬಾಯಿಗೆ ಹೊಲಿಗೆ ಹಾಕುವವರುಂಟೇ? ಆ ಕನ್ನಡಿಯಲ್ಲಿ ಯಾರ ತಲೆ ಕಾಣುವುದಿಲ್ಲವೋ ಅವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತು. ಗುಂಡಿ ಹೊಲಿಯುತ್ತಿದ್ದ ದೊಡ್ಡಮ್ಮನ ನಾದಿನಿ ಕನ್ನಡಿಗೆ ಹಳೇ ಬಟ್ಟೆ ಇಳಿಬಿಟ್ಟು, ಅದಕ್ಕೆ ಬೆನ್ನು ಹಾಕಿ ಕೂರತೊಡಗಿದಳು.

ದೊಡ್ಡಮ್ಮ ಮಾತ್ರ ದಿನಾ ಬೆಳಿಗ್ಗೆ ಬಟ್ಟೆ ಸರಿಸಿ, ನೆಲದ ಅದೇ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದಳು. ಮೊದಲು ಬೈತಲೆ ಹೋಯಿತು. ಮೂರು ದಿನಕ್ಕೆ ಅರ್ಧ ಹಣೆ. ಆಮೇಲೆ ಹುಬ್ಬು. ಯಾರೋ ಮೇಲಿನಿಂದ ಅವಳನ್ನು ನಿಧಾನವಾಗಿ ತಿನ್ನುತ್ತಿದ್ದಂತಿತ್ತು.

“ಅತ್ತಿಗೆ, ಅದನ್ನ ಒಡೆದು ಹಾಕಿ,” ಎಂದಳು ನಾದಿನಿ.

“ಕನ್ನಡಿ ಏನು ಮಾಡುತ್ತೆ? ಕಂಡದ್ದನ್ನ ತೋರಿಸುತ್ತೆ ಅಷ್ಟೆ.”

ದೊಡ್ಡಮ್ಮ ಕನ್ನಡಿಯ ತಿರುಪುಗಳನ್ನು ಮುಟ್ಟಿ ನೋಡಿದಳು, ಒಂದೂ ಸಡಿಲವಾಗಿರಲಿಲ್ಲ. ಏಣಿ ಹತ್ತಿ, ಕಂಬದ ತಲೆಯಿಂದ ನಾಲ್ಕು ಬೆರಳು ಈಚೆಗೆ ಒಂದು ದಾರ ಇಳಿಬಿಟ್ಟು ತುದಿಗೆ ಕತ್ತರಿ ಕಟ್ಟಿದಳು. ದಾರಕ್ಕೂ ಕಂಬಕ್ಕೂ ನಡುವೆ ಮೇಲೆ ನಾಲ್ಕು ಬೆರಳು, ಕೆಳಗೆ ನಾಲ್ಕು ಬೆರಳು. ನಡುಮಟ್ಟದಲ್ಲಿ ಎರಡೇ ಬೆರಳು. ಕಂಬಕ್ಕೆ ಹೊಟ್ಟೆ ಬಂದಿತ್ತು. ಅದರ ಕೆಳಗಿನ ಅರ್ಧ ಮುಂದಕ್ಕೆ ವಾಲಿ, ಕನ್ನಡಿ ನೆಲದ ಕಡೆ ಮುಖ ಮಾಡುತ್ತಿತ್ತು.

ಕತ್ತೆತ್ತಿ ನೋಡಿದಳು. ಎರಡು ತಿಂಗಳ ಹಿಂದೆ ವ್ಯಾಪಾರಿಯವರು ಹೊಸ ಅಟ್ಟದ ಭಾರ ಹೊರಲೆಂದು ಕಂಬದ ತಲೆಗೆ ಹಿಂದುಗಡೆಯಿಂದ ಒಂದು ಕಬ್ಬಿಣದ ತೋಳು ಕೂರಿಸಿದ್ದರು. ಮಗುವನ್ನು ಒಂದೇ ಸೊಂಟದ ಮೇಲೆ ಎತ್ತಿಕೊಂಡವಳ ಮೈ ಇನ್ನೊಂದು ಕಡೆಗೆ ಬಳುಕುವುದನ್ನು ದೊಡ್ಡಮ್ಮ ಎಷ್ಟು ಸಲ ಅಳೆದಿರಲಿಲ್ಲ! ಅದು ಬುಧವಾರ. ತೆಳ್ಳಗಿನ ಮರದ ಅಳತೆಪಟ್ಟಿ ಹಿಡಿದು ಮಹಡಿ ಹತ್ತಿದಳು.

“ಯಜಮಾನ್ರೇ, ಮೇಲೆ ತೂಕ ಜಾಸ್ತಿ ಮಾಡಿದ್ದೀರಾ?”

“ಇಲ್ಲಮ್ಮ. ಇದ್ದ ಕಾಗದವೇ. ಕಿಟಕಿ ಹತ್ತಿರ ನೆನೆಯುತ್ತೆ ಅಂತ ಹಿಂದಿನ ಅಟ್ಟಕ್ಕೆ ಸಾಗಿಸಿದೆ.”

ಅವಳು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ತುದಿಯ ಮೇಲೆ ಅಂಗೈಯಿಟ್ಟು ಒತ್ತಿದಳು, ಸುಮ್ಮನೆ ನಿಂತಿತ್ತು. ಅಂಗೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಅಷ್ಟೇ ಒತ್ತಿದಳು. ಪಟ್ಟಿ ಮುಂದಕ್ಕೆ ಬಿಲ್ಲಾಯಿತು.

“ನೋಡಿ, ಬಗ್ಗಿದಷ್ಟೂ ಭಾರ ಇನ್ನೂ ಪಕ್ಕಕ್ಕೆ ಬೀಳುತ್ತೆ. ಪಕ್ಕಕ್ಕೆ ಬಿದ್ದಷ್ಟೂ ಇನ್ನೂ ಬಗ್ಗುತ್ತೆ.”

“ಅದು ಮರ, ಇದು ಕಬ್ಬಿಣ,” ಎಂದರು ಅವರು. ಆದರೂ ಅವಳ ಮುಖ ನೋಡಿ, “ಸೋಮವಾರ ಆಳುಗಳು ಬರ್ತಾರೆ, ವಾಪಸ್ ಸರಿಸೋಣ,” ಎಂದರು. ಅವಳು ಹೊಲಿಗೆ ಮೆಷಿನ್ನುಗಳನ್ನು ಬಾಗಿಲ ಬಳಿಗೆ ಎಳೆಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಹತ್ತರ ಬಿಸಿಲು. ದೊಡ್ಡಮ್ಮ ಆ ಕಲ್ಲಿನ ಮೇಲೆ ನಿಂತಳು. ಕಣ್ಣು ಆಗಲೇ ಹೋಗಿತ್ತು. ಮೂಗಿನಿಂದ ಕೆಳಗೆ ಕಾಣುತ್ತಿತ್ತು. ಅವಳು ಅಲುಗಲಿಲ್ಲ. ಕನ್ನಡಿಯೊಳಗಿದ್ದವಳು ಅಲುಗಿದಳು. ದೊಡ್ಡಮ್ಮ ನೋಡುತ್ತಿದ್ದಂತೆಯೇ ಮೂಗು ಮೇಲಕ್ಕೇರಿ ಕಣ್ಮರೆಯಾಯಿತು, ಆಮೇಲೆ ತುಟಿ, ತುಟಿಯ ನಡುವಿನ ಸೂಜಿಗಳು. ಒಂದಿಷ್ಟೂ ಸದ್ದಿಲ್ಲ. ಕನ್ನಡಿಯಲ್ಲಿ ಉಳಿದದ್ದು ಗದ್ದವಿಲ್ಲದ ಕತ್ತು, ಅದರ ಕೆಳಗೆ ಅವಳದೇ ಮೈ.

ದೊಡ್ಡಮ್ಮ ಸೂಜಿಗಳನ್ನು ನೆಲಕ್ಕೆ ಉಗುಳಿದಳು. “ಎಲ್ಲರೂ ಹೊರಗೆ,” ಎಂದಳು. ಕೂಗಲಿಲ್ಲ. ಅಷ್ಟು ಸ್ಪಷ್ಟವಾದ ಅವಳ ದನಿಯನ್ನು ನಾದಿನಿ ಅದುವರೆಗೆ ಕೇಳಿರಲಿಲ್ಲವಂತೆ. ಕೈಯ ಕೆಲಸ ಅಲ್ಲೇ ಬಿಟ್ಟು ಎದ್ದಳು. ದೊಡ್ಡಮ್ಮ ಹೊರಗಿನ ಮೆಟ್ಟಿಲ ಬುಡದಿಂದ ವ್ಯಾಪಾರಿಯವರನ್ನೂ ಅವರ ಗುಮಾಸ್ತನನ್ನೂ ಕರೆದಳು. ಗುಮಾಸ್ತ ಇಳಿದು ಓಡಿದ. ವ್ಯಾಪಾರಿಯವರು ಕೊನೆಯ ಮೆಟ್ಟಿಲಲ್ಲಿದ್ದಾಗ ಕಂಬ ಮೊಣಕಾಲಿನಂತೆ ಮಡಿಚಿಕೊಂಡಿತು. ಸದ್ದು ಬಂದದ್ದು ಆಮೇಲೆ, ಅಟ್ಟದ ಕಾಗದವೆಲ್ಲ ಕೆಳಗೆ ಬಂದಾಗ. ಒಂದು ತೊಲೆ ಜಾರಿ ವ್ಯಾಪಾರಿಯವರ ಎಡಗಾಲು ಮುರಿಯಿತು. ಬಹಳ ಹೊತ್ತು ಬಿಳಿ ಹಾಳೆಗಳು ಬೀದಿಯಲ್ಲಿ ಇಳಿಯುತ್ತಲೇ ಇದ್ದವಂತೆ.

ನೋಡಲು ಬಂದ ಇಂಜಿನಿಯರು ಹೇಳಿದ್ದು ಇಷ್ಟೇ: “ಭಾರ ಹೆಚ್ಚಾಗಿರಲಿಲ್ಲ. ಕೂತ ಜಾಗ ತಪ್ಪಿತ್ತು.”

ದೊಡ್ಡಮ್ಮ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮತ್ತೆ ಮೆಷಿನ್ ಹೂಡಿದಳು. ಆರು ತಿಂಗಳ ಮೇಲೆ ವ್ಯಾಪಾರಿಯವರು ಕೋಲೂರಿಕೊಂಡು ಬಂದರು. ಒಂದು ಕಾಲು ಒಂದಿಂಚು ಗಿಡ್ಡವಾಗಿತ್ತು, ಪ್ಯಾಂಟು ಸರಿಮಾಡಿಸಬೇಕಿತ್ತು. ನಾನು ಅಲ್ಲೇ ಕೂತಿದ್ದೆ.

“ಅವತ್ತು ಕನ್ನಡಿ ಮುಂದೆ ತುಂಬ ಹೆದರಿದ್ರಾ ಅಮ್ಮ?” ಎಂದು ಕೇಳಿದರು.

“ಅವತ್ತು ಹೆದರೋಕೆ ಪುರುಸೊತ್ತೆಲ್ಲಿತ್ತು? ಹಿಂದಿನ ದಿನ, ಗುರುವಾರ, ನಾಲ್ಕು ಸಲ ದಾರ ಬಿಟ್ಟು ನೋಡಿದೆ. ಬುಧವಾರಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಬಗ್ಗಿರಲಿಲ್ಲ. ಸದ್ಯ, ಬಗ್ಗೋದು ನಿಂತಿತು ಅಂತ ಆ ಕಂಬಕ್ಕೇ ಬೆನ್ನು ಒರಗಿಸ್ಕೊಂಡು ಕೂತು ಊಟ ಮಾಡಿದೆ.” ಸ್ವಲ್ಪ ತಡೆದು, “ಆ ಊಟ ಈಗಲೂ ಕನಸಲ್ಲಿ ಬರುತ್ತೆ,” ಎಂದಳು.

ದೊಡ್ಡಮ್ಮ ಮಂಡಿಯೂರಿ ಅವರ ಗಿಡ್ಡ ಕಾಲಿನ ಬಳಿ ಸೀಮೆಸುಣ್ಣದಿಂದ ಗೆರೆ ಎಳೆದಳು.