ಕಾವುಕೋಣೆಯ ಬಾಗಿಲು

ಮುನ್ಸೂಚನೆ, ಶಕುನ ಎಂದರೆ ನಕ್ಕುಬಿಡುತ್ತಿದ್ದವನು ನಾನು. ಕೋಳಿಯ ಭ್ರೂಣದಲ್ಲಿ ಒಂದು ಜೀವಕೋಶ ಪಕ್ಕದ್ದಕ್ಕೆ ಸಂಕೇತ ಕೊಡುತ್ತ, ಎಲ್ಲ ಸೇರಿ ಹೃದಯದ ಅಂಗಾಂಶವಾಗುವುದು ಹೇಗೆಂಬುದೇ ನನ್ನ ಸಂಶೋಧನೆ. ಕೊಡುವವರಿಲ್ಲದೆ ಸಂಕೇತವಿಲ್ಲ ಎಂಬುದು ನನಗೆ ವೇದವಾಕ್ಯ.

ತೊಂಬತ್ತರ ದಶಕದ ಮಾತು. ಕೆ.ಆರ್.ಪೇಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಹಿಂಬದಿಯ ಹಳೆಯ ಉಗ್ರಾಣವನ್ನು ಮೊಟ್ಟೆಗಳ ಕಾವುಕೋಣೆ ಮಾಡಿಕೊಂಡಿದ್ದೆ. ಫಾರಂ ಮೊಟ್ಟೆಯಲ್ಲಿ ಮರಿಯಾಗದು. ನಾಟಿಕೋಳಿಯ ಮೊಟ್ಟೆಗಳನ್ನು ದೇವಲಾಪುರದಿಂದ ನನ್ನ ಸೋದರತ್ತೆ ರಾಗಿಬುಟ್ಟಿಯಲ್ಲಿ ಹೂತು ತಂದುಕೊಡುತ್ತಿದ್ದಳು. ಕಾವು ಸೋರದಿರಲೆಂದು ಬಾಗಿಲಿನ ಹೊರಗೆ ತಾನೇ ಬೀಳುವ ಚಿಲಕ ಹಾಕಿಸಿದವನು ನಾನೇ. ಅತಿಬುದ್ಧಿ, ಇನ್ನೇನು!

ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಒಳಹೊಕ್ಕೆ. ಬಾಗಿಲಿಗೆ ಆನಿಸಿದ್ದ ಇಟ್ಟಿಗೆ ಒಳಕ್ಕೆ ಜಾರಿ, ಬಾಗಿಲು ಮುಚ್ಚಿ, ಹೊರಗೆ ಚಿಲಕ ಬಿತ್ತು. ಕಿಟಕಿಯಿಲ್ಲ. ಆರು ತಿಂಗಳ ಕೆಲಸ ಹಾಳಾದರೂ ಆಗಲಿ ಎಂದು ಹೀಟರಿನ ತಂತಿ ಕಿತ್ತೆ. ಧಗೆ ಇಳಿಯಲಿಲ್ಲ, ಉಸಿರು ಸಾಲಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಸೋಮವಾರದವರೆಗೆ ಇತ್ತ ಯಾರೂ ಸುಳಿಯುವುದಿಲ್ಲ ಎಂದು ನೆನಪಾಯಿತು. ಆ ಇಟ್ಟಿಗೆಯಿಂದಲೇ ಬಾಗಿಲು ಬಡಿಯತೊಡಗಿದೆ. ಮೂರು ಬಡಿತ, ಸ್ವಲ್ಪ ತಡೆದು ಎರಡು. ಶಕ್ತಿ ಉಳಿಯಲೆಂದು ಹಾಗೆ ಮಾಡಿದ್ದು. ಸಾಯುತ್ತೇನೆ ಎಂದೇ ಅಂದುಕೊಂಡಿದ್ದೆ.

ಎಷ್ಟೋ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಮುಂಬದಿಯ ಗೇಟಿನ ಕಾವಲುಗಾರನ ಪಕ್ಕದಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಬುಟ್ಟಿಯಿರಲಿಲ್ಲ. ಎಲ್ಲರೂ ಹೋದರೆಂದು ಅವನು ಹೇಳಿದರೂ, ಮೊಟ್ಟೆ ಕೋಣೆ ತೋರಿಸೆಂದು ಹಟ ಹಿಡಿದಳಂತೆ.

“ಬೆಳಿಗ್ಗೆ ಒಲೆ ಮುಂದೆ ಇಟ್ಟು ತೊಳುಸ್ತಿದ್ದೆ ಕಣ್ಲಾ ಮಗ. ನೀನೇ ಬಂದು ಬಾಗ್ಲು ಬಡ್ದಂಗಾಯ್ತು. ತಗುದ್ರೆ ಯಾರೂ ಇಲ್ಲ. ಜೀವ ತಡೀಲಿಲ್ಲ, ಅಂಗೇ ಬಂದ್ಬುಟ್ಟೆ. ನಾಗಮಂಗಲ್ದಲ್ಲಿ ಬಸ್ಸು ತಪ್ಪೋಯ್ತು, ಅದ್ಕೇ ತಡ.”

“ಎಂಗೆ ಬಡ್ದಂಗಾಯ್ತು, ಅತ್ತೆ?”

ಅವಳು ತೆರೆದ ಬಾಗಿಲಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದಳು. ಮೂರು. ಸ್ವಲ್ಪ ತಡೆದು ಎರಡು.

ಓದುಗರೇ, ಅತ್ತೆ ಮುದ್ದೆ ತೊಳಸುತ್ತಿದ್ದ ಆ ಹೊತ್ತಿನಲ್ಲಿ ನಾನು ತರಗತಿಯಲ್ಲಿ ನಿಂತು ಪಾಠ ಮಾಡುತ್ತಿದ್ದೆ. ಬಾಗಿಲು ಇನ್ನೂ ಮುಚ್ಚಿಯೇ ಇರಲಿಲ್ಲ. ಹಾಗಾದರೆ ಬಡಿದವರು ಯಾರು? ನನಗೆ ಇವತ್ತಿಗೂ ತಿಳಿದಿಲ್ಲ. ಅತ್ತೆ ಈಗಿಲ್ಲ. ಬಾಗಿಲು ಬಡಿದ ಸದ್ದಾಗಿ, ಹೋಗಿ ತೆಗೆದಾಗ ಯಾರೂ ಇಲ್ಲದಿದ್ದರೆ, ನಾನು ಸುಮ್ಮನೆ ಮುಚ್ಚಿಕೊಂಡು ಬರುವುದಿಲ್ಲ. ನಮ್ಮವರಿಗೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿ, ಎಲ್ಲಿದ್ದೀರಿ ಎಂದು ಕೇಳುತ್ತೇನೆ.